ಕಾಲುವೆಯಾಚೆ ಯಾರೂ ಇಲ್ಲ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಗಾಳಿ ಇರಲಿಲ್ಲ. ಹಬೆ ಇತ್ತು. ಮೇಲಿನ ಅಂತಸ್ತುಗಳ ರಕ್ತ, ಕೀವು, ವಾಂತಿ, ಮಲ ಎಲ್ಲವೂ ಬಟ್ಟೆಗೆ ಅಂಟಿಕೊಂಡು ಒಂದು ದೊಡ್ಡ ಕೊಳವೆಯಲ್ಲಿ ಜಾರಿ ದೊಪ್ಪನೆ ಕೆಳಗೆ ಬೀಳುತ್ತಿತ್ತು. ಬಿದ್ದದ್ದನ್ನು ಹೆಂಗಸರು ಬರಿಗೈಯಲ್ಲಿ ಬಿಡಿಸುತ್ತಿದ್ದರು. ಕೈಗವಸು ತರಿಸಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ ಸೂಪರ್‌ವೈಸರ್ ನಿವೃತ್ತನಾಗಿ ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದ. ಕೈಗವಸು ಮಾತ್ರ ಇನ್ನೂ ದಾರಿಯಲ್ಲೇ ಇತ್ತು.

ನೀಲಿ ಅಲ್ಲಿ ಬಟ್ಟೆ ಬೆಳ್ಳಗೆ ಮಾಡುವವಳು. ಹೆತ್ತವರು ಇಟ್ಟ ಹೆಸರು ಬೇರೆ. ಬಿಳಿ ಬಟ್ಟೆಗೆ ಹಾಕುವ ನೀಲಿಯ ನೀರಿನಲ್ಲಿ ಕೈ ಅದ್ದಿ ಅದ್ದಿ ಉಗುರುಗಳಿಗೆಲ್ಲ ಆ ಬಣ್ಣ ಹತ್ತಿ, ಜೊತೆಯವರು ಹಾಗೆ ಕರೆಯತೊಡಗಿದರು. ಬ್ಲೀಚು ಬೆರಳ ಸಂದಿಗಳನ್ನು ತಿಂದುಹಾಕಿತ್ತು. ಊಟಕ್ಕೆ ಕೂತರೆ ಉಪ್ಪು ತಗುಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಪಕ್ಕದಲ್ಲಿ ಕೂತ ಕುಳ್ಳಿ ಸುಮ್ಮನಿರುವವಳಲ್ಲ.

"ಏನೇ, ಊಟ ಅಷ್ಟು ಚೆನ್ನಾಗಿದೆಯಾ? ಅಳ್ತಾ ತಿಂತಿದೀಯಲ್ಲ!"

ಇಂಥವರಿಗೆ ಇಂಗ್ಲಿಷ್ ಪರೀಕ್ಷೆ ಇಟ್ಟರು. ಹೊಟ್ಟೆ ಉರಿಯುವುದಿಲ್ಲವೇ ಹೇಳಿ.

ಆಸ್ಪತ್ರೆಗೆ ಹೊಸ ಮಾಲೀಕರು ಬಂದಿದ್ದರು. ಅವರ ಕಡೆಯ ಆಡಳಿತಾಧಿಕಾರಿಯನ್ನು ಹೆಂಗಸರು ಬಿಳಿಷರ್ಟು ಎಂದೇ ಕರೆಯುತ್ತಿದ್ದರು. ಹಬೆಯ ಕೋಣೆಗೆ ಅವನು ಬಂದದ್ದು ಅದೇ ಮೊದಲು. ಮೂಗಿಗೆ ಕರವಸ್ತ್ರ ಹಿಡಿದು ನಿಂತು ಹೇಳಿದ.

"ನಮ್ಮ ಆಸ್ಪತ್ರೆ ದೊಡ್ಡ ದರ್ಜೆಗೆ ಹೋಗ್ತಿದೆ. ಕೆಲಸದವರಿಗೆಲ್ಲ ಇಂಗ್ಲಿಷ್ ಓದಿ ಅರ್ಥ ಮಾಡ್ಕೊಳ್ಳೋಕೆ ಬರಬೇಕು. ಪಾಸಾದವರು ಪರ್ಮನೆಂಟ್, ಮೇಲೆ ವಾರ್ಡಿಗೆ ಹೋಗ್ತಾರೆ. ಆಗದವರು ಮನೆಗೆ ಹೋಗ್ತಾರೆ."

"ಬಟ್ಟೆ ಒಗೆಯೋಕೂ ಇಂಗ್ಲಿಷ್ ಬೇಕಾ ಸಾರ್?" ಎಂದಳು ಕುಳ್ಳಿ. "ರಕ್ತದ ಕಲೆಗೆ ಗೆಟ್ ಔಟ್ ಅಂತ ಹೇಳಬೇಕಾ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಬಿಳಿಷರ್ಟೂ ನಕ್ಕ. ಮರುದಿನದಿಂದ ಕುಳ್ಳಿಯನ್ನು ಶವಾಗಾರದ ಬಟ್ಟೆಗೆ ಹಾಕಿದರು. ಆಮೇಲೆ ಅವನ ಮುಂದೆ ಯಾರೂ ನಗಲಿಲ್ಲ.

ನೀಲಿಗೆ ಮಾತ್ರ ಒಳಗೊಳಗೇ ಆಸೆ ಹುಟ್ಟಿತು. ಸುಳ್ಳು ಯಾಕೆ ಹೇಳಬೇಕು? ವಾರ್ಡಿನಲ್ಲಿ ಕಿಟಕಿ ಇತ್ತು. ಅಲ್ಲಿಯವರಿಗೆ ಕೈಗವಸು ಇತ್ತು. ಅಲ್ಲಿ ಕೆಲಸ ಮಾಡುವವರನ್ನು ರೋಗಿಗಳು "ಸಿಸ್ಟರ್" ಎಂದು ತಪ್ಪಾಗಿಯಾದರೂ ಕರೆಯುತ್ತಿದ್ದರು. ಅವಳು ಚಿಕ್ಕವಳಿದ್ದಾಗ ಸ್ವಲ್ಪ ಓದಿದ್ದಳು. ಇಂಗ್ಲಿಷ್ ಅಕ್ಷರ ಗೊತ್ತಿತ್ತು, ಕೂಡಿಸಿ ಓದಲೂ ಬರುತ್ತಿತ್ತು. ಅರ್ಥ ಮಾತ್ರ ಆಗುತ್ತಿರಲಿಲ್ಲ.

ಪಾಳಿ ಮುಗಿದ ಮೇಲೆ ಉಗ್ರಾಣದಲ್ಲಿ ತರಗತಿ. ಸೋಪಿನ ಡಬ್ಬಗಳೇ ಕುರ್ಚಿ. ಪಾಠ ಮಾಡಲು ಯಾವುದೋ ಕೋಚಿಂಗ್ ಕೇಂದ್ರದಿಂದ ಬಂದ ಮೇಷ್ಟ್ರು ಮೆತ್ತನೆಯ ಮನುಷ್ಯ. ಹೆಂಗಸರನ್ನೆಲ್ಲ ಅಕ್ಕ ಎನ್ನುತ್ತಿದ್ದ. ಅವನ ಕೆಲಸವೂ ಇವರು ಪಾಸಾಗುವುದರ ಮೇಲೇ ನಿಂತಿತ್ತು.

"ಅಕ್ಕಂದಿರಾ, ಪ್ಯಾಸೇಜ್ ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡಿ. ಅರ್ಥ ಹುಡುಕ್ತಾ ಕೂತ್ರೆ ಟೈಮ್ ಮುಗಿಯುತ್ತೆ. ಮೊದ್ಲು ಪ್ರಶ್ನೆ ನೋಡಿ. ಅದ್ರಲ್ಲಿ ದೊಡ್ಡ ಪದ ಯಾವ್ದು ಅಂತ ಹಿಡ್ಕೊಳ್ಳಿ. ಅದೇ ಪದ ಪ್ಯಾಸೇಜಲ್ಲಿ ಎಲ್ಲಿದೆ, ಬೆರಳಿಟ್ಟು ಹುಡುಕಿ. ಸಿಕ್ತಾ? ಅಕ್ಕಪಕ್ಕದ ಪದಗಳೂ ಅವೇನಾ? ಹಾಗಿದ್ರೆ ಸರಿ ಅಂತ ಗುರುತು ಹಾಕಿ. ಮುಂದಕ್ಕೆ ಹೋಗಿ."

ಹೆಂಗಸರಿಗೆ ಇದು ಸುಲಭವಾಗಿ ಒಗ್ಗಿತು. ರಾಶಿಯೊಳಗಿಂದ ಒಂದೇ ಗುರುತಿನ ದಿಂಬಿನ ಚೀಲಗಳನ್ನು ಹೆಕ್ಕಿ ಜೋಡಿಸುವುದು ಅವರ ದಿನನಿತ್ಯದ ಕೆಲಸ. ಅಕ್ಷರವೇ ಬಾರದ ಮುದುಕಿಯರೂ ಪದದ ಆಕಾರ ನೋಡಿ ಜೋಡಿ ಹುಡುಕತೊಡಗಿದರು.

ಮೊದಮೊದಲು ಎಡವಟ್ಟಾಯಿತು. ಭಾನುವಾರದ ಬಗ್ಗೆ ಒಂದು ಪ್ಯಾಸೇಜು. ಅಂದು ಎಲ್ಲರಿಗೂ ವಿಶ್ರಾಂತಿ, ಮನೆಮಂದಿ ಕೂಡಿ ಸಮುದ್ರ ತೀರಕ್ಕೆ ಹೋಗುತ್ತಾರೆ ಎಂದಿತ್ತು. ಮೇಷ್ಟ್ರು ಅರ್ಥ ಬಿಡಿಸಿ ಹೇಳಿ ಪ್ರಶ್ನೆ ಕೇಳಿದ. ಭಾನುವಾರ ಎಲ್ಲರಿಗೂ ವಿಶ್ರಾಂತಿ: ಸರಿಯೋ, ತಪ್ಪೋ? ಅಷ್ಟೂ ಹೆಂಗಸರು ತಪ್ಪು ಎಂದರು.

"ಅಯ್ಯೋ, ಅಲ್ಲೇ ಬರೆದಿದೆಯಲ್ಲ ಅಕ್ಕ!"

"ಬರೆದೋನು ಭಾನುವಾರ ಇಲ್ಲಿಗೆ ಬರ್ಲಿ ಮೇಷ್ಟ್ರೇ," ಎಂದಳು ನೀಲಿ. "ಶನಿವಾರದ ಆಪರೇಷನ್ ಬಟ್ಟೆ ಎಲ್ಲ ಅವತ್ತೇ ಬೀಳೋದು."

ಮೇಷ್ಟ್ರು ನಕ್ಕ. ಆಮೇಲೆ ಗಂಭೀರನಾದ. "ನಿಮಗೆ ಗೊತ್ತಿರೋದನ್ನ ಬಾಗಿಲ ಹೊರಗೆ ಬಿಟ್ಟು ಬನ್ನಿ. ಪ್ಯಾಸೇಜಲ್ಲಿ ಇದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. ನಿಮ್ಮ ಬದುಕು ಹೇಗಿದೆ ಅಂತ ಯಾರೂ ಕೇಳ್ತಿಲ್ಲ."

ಅದಂತೂ ನಿಜ. ಯಾರೂ ಕೇಳಿರಲಿಲ್ಲ.

ಮೇಷ್ಟ್ರ ಪುಸ್ತಕದ ಪ್ಯಾಸೇಜುಗಳು ಮುಗಿದವು. ಬಿಳಿಷರ್ಟಿನ ಕಚೇರಿಯಿಂದ ಆಸ್ಪತ್ರೆಯದೇ ಒಂದು ಮಿರಿಮಿರಿ ಪುಸ್ತಿಕೆ ಎತ್ತಿಕೊಂಡು ಬಂದ. ಹಣ ಹಾಕುವ ದೊಡ್ಡವರಿಗೆಂದು ಮಾಡಿಸಿದ ಪುಸ್ತಿಕೆ. ಅದರಿಂದ ಒಂದು ಪುಟವನ್ನು ಪ್ರತಿ ಮಾಡಿ ಹಂಚಿದ. ಹೆಂಗಸರು ಬೆರಳಿಟ್ಟರು. 'ಕೆನಾಲ್' ಪ್ರಶ್ನೆಯಲ್ಲೂ ಇತ್ತು, ಪ್ಯಾಸೇಜಿನಲ್ಲೂ ಇತ್ತು. 'ವೇಕೆಂಟ್' ಇಲ್ಲೂ ಇತ್ತು, ಅಲ್ಲೂ ಇತ್ತು. ಸರಿ, ಸರಿ, ಸರಿ ಎಂದು ಗುರುತು ಹಾಕಿದರು. ಮೇಷ್ಟ್ರು ತಿದ್ದಿ ನೋಡಿದರೆ ಎಲ್ಲರಿಗೂ ಪೂರ್ತಿ ಅಂಕ! ಎಲ್ಲರಿಗಿಂತ ಮೊದಲು ಮುಗಿಸಿದ್ದು ನೀಲಿ. ಮೇಷ್ಟ್ರು ಚಪ್ಪಾಳೆ ತಟ್ಟಿದ. ಹೆಂಗಸರೂ ತಟ್ಟಿದರು. ಒಡೆದ ಅಂಗೈಗಳು ಉರಿದರೂ ತಟ್ಟಿದರು. ಶವಾಗಾರದ ವಾಸನೆ ಹೊತ್ತಿದ್ದ ಕುಳ್ಳಿ ಡಬ್ಬದ ಮೇಲೆ ನಿಂತು ಒಂದು ಸುತ್ತು ಕುಣಿದೇಬಿಟ್ಟಳು.

ಮರುದಿನ ನೀಲಿ ಒಗೆದ ಹಾಸುಗಳ ಗಾಡಿ ತಳ್ಳಿಕೊಂಡು ವಾರ್ಡಿನ ಬಾಗಿಲಿಗೆ ಹೋದಳು. ಅಲ್ಲಿ ನರ್ಸು ಒಂದು ಮಂಚದ ತುದಿಗೆ ಚಿಕ್ಕ ಫಲಕ ತೂಗುಹಾಕುತ್ತಿದ್ದಳು. ಫಲಕದ ಮೇಲೆ ನಿನ್ನೆಯ ಪದ! ನೀಲಿಗೆ ಪರಿಚಯದವರು ಸಿಕ್ಕಂತೆ ಖುಷಿಯಾಯಿತು.

"ಸಿಸ್ಟರ್, ಅದು ವೇಕೆಂಟ್ ಅಲ್ವಾ? ಹಾಗಂದ್ರೇನು?"

"ಖಾಲಿ ಅಂತ. ಯಾರೂ ಇಲ್ಲ ಅಂತ," ಎಂದಳು ನರ್ಸು. "ಬೆಳಿಗ್ಗೆ ಈ ಪೇಶೆಂಟ್ ಹೋಗ್ಬಿಟ್ರು. ಅದಕ್ಕೇ ಬೋರ್ಡು."

ನೀಲಿ ಗಾಡಿ ಬಿಟ್ಟು ನಿಂತಳು. ಪ್ಯಾಸೇಜು ಅವಳಿಗೆ ಬಾಯಿಪಾಠವಾಗಿತ್ತು. ಅರ್ಥವಿಲ್ಲದ ಶಬ್ದವಾಗಿ ತಲೆಯಲ್ಲಿ ಕೂತಿತ್ತು. ಈಗ ಒಂದೊಂದೇ ಪದವನ್ನು ನರ್ಸಿನ ಹತ್ತಿರ ಕೇಳಿದಳು. ನರ್ಸು ದಿಂಬಿಗೆ ಚೀಲ ತೊಡಿಸುತ್ತಲೇ ಹೇಳಿದಳು. ಕೆನಾಲ್ ಅಂದರೆ ಕಾಲುವೆ. ಆಸ್ಪತ್ರೆಯ ಹಿಂದಿನ ಕಾಲುವೆ. ಅದರಾಚೆಯ ನೆಲ ಖಾಲಿ ಇದೆ. ಅಲ್ಲಿ ಯಾರೂ ವಾಸವಿಲ್ಲ. ಅಲ್ಲಿ ಹೃದಯದ ಕಾಯಿಲೆಗೆ ಹೊಸ ಕಟ್ಟಡ ಏಳಲಿದೆ. ನೆಲ ಸಮ ಮಾಡುವ ಕೆಲಸ ಬೇಗನೇ ಶುರುವಾಗುತ್ತದೆ.

ಕಾಲುವೆಯಾಚೆ ಇದ್ದದ್ದು ತಗಡಿನ ಮನೆಗಳ ಸಾಲು. ನೀಲಿ ಇದ್ದದ್ದು ಅಲ್ಲೇ. ಕುಳ್ಳಿ ಇದ್ದದ್ದು ಅಲ್ಲೇ. ಬಟ್ಟೆ ಒಗೆಯುವ ಹೆಂಗಸರಲ್ಲಿ ಹೆಚ್ಚಿನವರು ಇದ್ದದ್ದು ಅಲ್ಲೇ. ತಾವು ಬದುಕಿರುವ ಜಾಗದಲ್ಲಿ ಯಾರೂ ಇಲ್ಲ ಎಂಬುದಕ್ಕೆ ಸರಿ ಎಂದು ಗುರುತು ಹಾಕಿ, ಚಪ್ಪಾಳೆ ತಟ್ಟಿ ಬಂದಿದ್ದರು.

ನೀಲಿ ಓಡಿ ಹೋಗಿ ಮೇಷ್ಟ್ರನ್ನು ಅವನ ಕೋಚಿಂಗ್ ಕೇಂದ್ರದಲ್ಲೇ ಹಿಡಿದಳು.

"ಅದು ಬರೀ ಪ್ಯಾಸೇಜು ಅಕ್ಕ," ಎಂದ ಅವನು. "ಓದೋದಕ್ಕೆ ಅಂತ ಕೊಟ್ಟಿದ್ದು."

"ಓದಿದೆ. ಈಗ ಅರ್ಥ ಆಯ್ತು. ಅಲ್ಲಿ ನಾವಿದೀವಲ್ಲ ಮೇಷ್ಟ್ರೇ?"

ಮೇಷ್ಟ್ರ ಮುಖ ಬಿಳುಚಿಕೊಂಡಿತು. ಅವನಿಗೆ ಗೊತ್ತಿರಲಿಲ್ಲ ಎನ್ನುವುದು ಕಾಣುತ್ತಿತ್ತು. ಆದರೆ ಗೊತ್ತಾದ ಮೇಲೆ ಅವನು ಮಾಡಿದ್ದೇನು? ಆ ಸಂಜೆ ಬಂದು, ಹಂಚಿದ ಪುಟಗಳನ್ನೆಲ್ಲ ವಾಪಸು ಕೇಳಿದ. ಎಲ್ಲರ ಕೈಯಿಂದ ಕಿತ್ತುಕೊಂಡು ಹೋದ. ಬಿಳಿಷರ್ಟಿಗೆ ಸುದ್ದಿ ಮುಟ್ಟಿಸಿದ್ದೂ ಅವನೇ. ಮೆತ್ತನೆಯ ಮನುಷ್ಯ!

ತಗಡಿನ ಮನೆಗಳ ಸಾಲಿನಲ್ಲಿ ಒಂದು ರೂಢಿ ಇತ್ತು. ಹಗಲು ಎಲ್ಲ ಬಾಗಿಲಿಗೂ ಹೊರಗಿನಿಂದ ಬೀಗ. ಒಳಗೆ ಮಾತ್ರ ಜನ. ಮುದುಕರು, ಹಾಸಿಗೆ ಹಿಡಿದವರು. ಕೆಲಸಕ್ಕೆ ಹೋಗುವವರು ಅವರನ್ನು ಒಳಗೆ ಬಿಟ್ಟು ಬೀಗ ಜಡಿದುಕೊಂಡು ಹೋಗುತ್ತಿದ್ದರು. ಕುಡುಕರು ನುಗ್ಗಬಾರದು, ಅರಳುಮರಳಿನ ಜೀವಗಳು ಎದ್ದು ಹೋಗಿ ಕಾಲುವೆಗೆ ಬೀಳಬಾರದು. ಬೇರೆ ದಾರಿ ಇರಲಿಲ್ಲ. ನೀಲಿಯ ಗಂಡ ಲಾರಿ ಹತ್ತಿ ಹೋದರೆ ಬರುವುದು ಅವನಿಗೆ ನೆನಪಾದಾಗ. ಮನೆಯಲ್ಲಿ ಅತ್ತೆ ಒಬ್ಬಳೇ. ಅವಳ ಸೊಂಟ ಬಿದ್ದುಹೋಗಿತ್ತು. ನಾಲಿಗೆ ಮಾತ್ರ ನೆಟ್ಟಗಿತ್ತು.

"ಒಂದಿನ ಇಬ್ರು ಬಂದಿದ್ರು ಕಣೇ, ಅಳತೆಯವರೇ ಇರ್ಬೇಕು," ಎಂದಳು ಅತ್ತೆ, ನೀಲಿ ಎಲ್ಲ ಹೇಳಿದ ಮೇಲೆ. "ನೀನು ಕೆಲಸಕ್ಕೆ ಹೋಗಿದ್ದೆ. ಒಬ್ಬ ನಮ್ಮ ಬೀಗ ಹಿಡಿದು ಅಲ್ಲಾಡಿಸಿದ. 'ಯಾರಪ್ಪಾ' ಅಂದೆ. ಇನ್ನೊಬ್ಬನಿಗೆ 'ಇದೂ ಖಾಲಿ, ಬರ್ಕೋ' ಅಂದ. ಕಿವಿ ಕೇಳಿಸಲ್ವೇನೋ ಬೇವರ್ಸಿ ಅಂತ ಕೂಗಿದೆ. ಇಬ್ಬರೂ ಬಿರಬಿರನೆ ಹೋದ್ರು."

"ನನಗೆ ಯಾಕೆ ಹೇಳಲಿಲ್ಲ?"

"ಕರೆಂಟಿನವರು ಅಂದ್ಕೊಂಡಿದ್ದೆ ಕಣೇ."

ಅವರಿಗೆ ಕೇಳಿಸಿತ್ತು. ಕೇಳಿಸಿಯೇ ಬರೆದುಕೊಂಡಿದ್ದರು.

ಬಿಳಿಷರ್ಟು ಮರುದಿನ ಅವಳನ್ನು ಮೇಲೆ ಕರೆಸಿಕೊಂಡ. ಕುರ್ಚಿ ತೋರಿಸಿ "ಕೂತ್ಕೋ" ಎಂದ. ಅವಳ ಸೀರೆ ಒದ್ದೆಯಾಗಿತ್ತು. ಅವಳು ಕೂತಾಗ ಅವನು ಕುರ್ಚಿಯ ಮೆತ್ತೆಯನ್ನೇ ನೋಡಿದ.

"ಚುರುಕಿದೀಯ. ನಿನ್ನಂಥವರು ಕೆಳಗೆ ಇರಬಾರದು. ಪರೀಕ್ಷೆ ಬರಿ, ವಾರ್ಡಿಗೆ ಹಾಕಿಸ್ತೀನಿ."

"ಕಾಲುವೆಯಾಚೆ ನಾವಿದೀವಿ ಸಾರ್."

"ದಾಖಲೆ ಪ್ರಕಾರ ಯಾರೂ ಇಲ್ಲ."

"ದಾಖಲೆಗೆ ಕಣ್ಣಿಲ್ವಾ ಸಾರ್?"

ಅವನು ಸಿಟ್ಟಾಗಲಿಲ್ಲ. ಅದೇ ಅವಳನ್ನು ಹೆದರಿಸಿತು. "ಪರೀಕ್ಷೆ ಮುಗೀಲಿ. ಆಮೇಲೆ ಕೂತು ಮಾತಾಡೋಣ. ಅಲ್ಲೀವರೆಗೂ ಸುಮ್ನೆ ಊರೆಲ್ಲ ಡಂಗುರ ಹೊಡೀಬೇಡ. ನಿನ್ನ ಜೊತೆಯವರ ಕೆಲಸಾನೂ ಯೋಚನೆ ಮಾಡು."

ನೀಲಿ "ಆಯ್ತು ಸಾರ್" ಎಂದಳು. ಹೇಳಿಬಿಟ್ಟಳು. ಮೆಟ್ಟಿಲು ಇಳಿಯುವಾಗ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಎನಿಸಿತು. ಆದರೂ ವಾರ್ಡಿನ ಕಿಟಕಿ ಕಣ್ಣ ಮುಂದೆ ಬಂತು. ಹೊಟ್ಟೆಪಾಡು ಮನುಷ್ಯರನ್ನು ಎಷ್ಟು ಸಣ್ಣವರನ್ನಾಗಿ ಮಾಡುತ್ತದೆ, ಥೂ.

ಸಾಲಿನವರಿಗಂತೂ ಹೇಳಿದಳು. ಅಷ್ಟು ಮಾಡಿದಳು. ಕೆಲವರು ಹೆದರಿದರು. ಕುಳ್ಳಿ ತಲೆ ಕೊಡವಿದಳು.

"ಮೊದ್ಲು ಪಾಸಾಗೋಣ ಕಣೇ. ಪರ್ಮನೆಂಟ್ ಆದವರ ಮನೆ ಯಾವನು ಮುಟ್ತಾನೆ? ಆಮೇಲೆ ಎಲ್ಲ ಸೇರಿ ಕೇಳೋಣ. ನಮ್ಮಪ್ಪನ್ನ ಕಟ್ಕೊಂಡು ನಾನೆಲ್ಲಿಗೆ ಹೋಗ್ಲಿ, ಹೇಳು?"

ಕುಳ್ಳಿಯ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು. ಅವಳ ಮಾತು ಎಲ್ಲರಿಗೂ ಸರಿ ಕಂಡಿತು. ನೀಲಿಗೂ ಕಂಡಿತು. ಪಾಸಾದರೆ ಮನೆ ಉಳಿಯುತ್ತದೆ ಎಂದುಕೊಂಡು ಎಲ್ಲರೂ ಮತ್ತೆ ಬೆರಳಿಟ್ಟು ಪದ ಹುಡುಕಲು ಕೂತರು.

ಪರೀಕ್ಷೆಯ ದಿನ ಬೆಳಿಗ್ಗೆ ಎಲ್ಲರೂ ಬಾಗಿಲಿಗೆ ಬೀಗ ಜಡಿದು ಹೊರಟರು. ರಾತ್ರಿ ಪಾಳಿಯವರೂ ಕಣ್ಣುಜ್ಜಿಕೊಂಡು ಬಂದರು. ಅಕ್ಷರ ಬಾರದ ಮುದುಕಿಯರನ್ನೂ ಬಿಡಲಿಲ್ಲ, ಪರೀಕ್ಷೆಗೆ ಬಾರದಿದ್ದರೆ ಕೆಲಸ ಹೋಯಿತು ಎಂದಿದ್ದರು. ಆಸ್ಪತ್ರೆಯ ಮುಂಭಾಗದ ಸಭಾಂಗಣ. ಎತ್ತರದ ಕಿಟಕಿಗಳಿಗೆ ದಪ್ಪ ಪರದೆ. ಬಾಗಿಲಲ್ಲಿ ಕಾವಲುಗಾರ ಚೀಲ, ಫೋನು, ಬೀಗದ ಕೈ ಎಲ್ಲ ಇಸಿದುಕೊಂಡು ಬುಟ್ಟಿಗೆ ಹಾಕಿದ. ಪರೀಕ್ಷೆಯ ನಿಯಮ ಎಂದ.

ಬಿಳಿಷರ್ಟು ಒಳಗೆ ಬಂದು ಹೆಂಗಸರನ್ನು ಕಣ್ಣಲ್ಲೇ ಎಣಿಸಿದ.

"ಕಾಲುವೆ ಕಡೆಯವರು ಎಲ್ಲ ಬಂದ್ರಾ? ಒಬ್ಬರೂ ಬಿಟ್ಟಿಲ್ಲ ತಾನೇ?" ಎಂದು ಕಾವಲುಗಾರನನ್ನು ಕೇಳಿದ. ಹೌದು ಎಂದ ಮೇಲೆ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ಹೊರಗಿನಿಂದ ಚಿಲಕ ಬಿತ್ತು.

ಮೇಷ್ಟ್ರು ಪ್ರಶ್ನೆಪತ್ರಿಕೆ ಹಂಚಿದ. ಪ್ಯಾಸೇಜು ಜೇನುನೊಣಗಳ ಬಗ್ಗೆ. ಸುಲಭವಾಗಿತ್ತು. ನೀಲಿ ಬೆರಳಿಟ್ಟಳು. ಒಂದು ಪದ ಸಿಕ್ಕಿತು. ಸರಿ ಎಂದು ಗುರುತು ಹಾಕಿದಳು. ಎರಡನೆಯದಕ್ಕೆ ಬೆರಳು ಹೋಗುವಾಗ ತಲೆ ಎತ್ತಿ ನೋಡಿದಳು.

ಇಸ್ತ್ರಿಯವಳು ಇರಲಿಲ್ಲ. ಅವಳ ಮನೆ ಊರ ಆ ಕೊನೆಗೆ. ಅಡುಗೆಮನೆಯವರು ಯಾರೂ ಇರಲಿಲ್ಲ. ಅವರಿಗೆ ಮುಂದಿನ ವಾರ ಪರೀಕ್ಷೆ ಎಂದಿದ್ದರು. ಈ ಕೋಣೆಯಲ್ಲಿ ಇದ್ದವರೆಲ್ಲ ಒಂದೇ ಸಾಲಿನವರು. ಗಂಡಸರು ಕೂಲಿಗೆ, ಮಕ್ಕಳು ಶಾಲೆಗೆ ಹೋಗಿರುವ ಹೊತ್ತು. ಸಾಲಿನಲ್ಲಿ ನಡೆದಾಡುವ ಜೀವ ಒಂದೂ ಉಳಿದಿರಲಿಲ್ಲ. ಉಳಿದವರೆಲ್ಲ ಬೀಗದ ಒಳಗಿದ್ದರು. ಬೀಗದ ಕೈ ಬುಟ್ಟಿಯಲ್ಲಿತ್ತು.

ನೀಲಿ ಎದ್ದು ನಿಂತಳು.

"ಏಳ್ರೇ! ಎಲ್ಲ ಏಳಿ! ಇವತ್ತೇ ಒಡೀತಾರೆ. ನಮ್ಮನ್ನ ಇಲ್ಲಿ ಕೂಡಿಹಾಕಿ ಒಡೀತಿದಾರೆ!"

ಪೆನ್ನುಗಳು ನಿಂತವು. ಮೇಷ್ಟ್ರು ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ.

"ಅಕ್ಕ, ಕೂತ್ಕೊಳ್ಳಿ. ಮಧ್ಯ ಎದ್ದು ಹೋದ್ರೆ ಎಲ್ಲರೂ ಫೇಲ್. ಕೆಲಸ ಹೋಗುತ್ತೆ. ನಿಮಗೋಸ್ಕರ ಹೇಳ್ತಿದೀನಿ."

"ನಿಮಗೆ ಗೊತ್ತಿತ್ತಾ ಮೇಷ್ಟ್ರೇ?"

ಅವನು ನೆಲ ನೋಡಿದ. "ಇವತ್ತು ಅಂತ ಗೊತ್ತಿರಲಿಲ್ಲ."

"ಹಾಗಿದ್ರೆ ಫೇಲ್ ಅಂತ ಬರ್ಕೊಳ್ಳಿ. ನನ್ನ ಹೆಸರು ಮೊದ್ಲು ಬರೀರಿ. ಈಗ ಪಕ್ಕಕ್ಕೆ ಸರೀರಿ."

ಅವನು ಸರಿಯಲಿಲ್ಲ. ಕುಳ್ಳಿ ಅವನ ರಟ್ಟೆ ಹಿಡಿದು ಒದ್ದೆ ಬಟ್ಟೆಯ ಗಂಟನ್ನು ತಳ್ಳುವ ಹಾಗೆ ಆಚೆ ತಳ್ಳಿದಳು. "ನಮ್ಮಪ್ಪ ಒಳಗಿದಾನೆ," ಎಂದಳು. ಹೆಂಗಸರು ಒಂದು ಉದ್ದನೆಯ ಬೆಂಚನ್ನು ಎತ್ತಿದರು. ನೀರು ಕುಡಿದ ಕಂಬಳಿಗಳನ್ನು ದಿನವೆಲ್ಲ ಎತ್ತುವ ತೋಳುಗಳು. ಬಾಗಿಲಿಗೆ ಗುದ್ದಿದರು. ಮತ್ತೆ ಗುದ್ದಿದರು. ಚಿಲಕ ಕಿತ್ತುಬಂತು. ಹೊರಗಿದ್ದ ಕಾವಲುಗಾರ ಗೋಡೆಗೆ ಅಂಟಿಕೊಂಡ. ಬುಟ್ಟಿ ಎಲ್ಲಿ ಎಂದರೆ ಸಾಹೇಬರು ಒಯ್ದರು ಎಂದ.

ಹೆಂಗಸರು ಓಡಿದರು. ಔಷಧದಂಗಡಿ ದಾಟಿ, ಗಾಡಿಗಳ ನಡುವೆ ನುಗ್ಗಿ, ಕಾಲುಸೇತುವೆ ಹತ್ತಿ ಓಡಿದರು. ಸೇತುವೆಯ ಮೇಲೇ ಸದ್ದು ಕೇಳಿಸಿತು. ತಗಡು ಹರಿಯುವ ಸದ್ದು.

ಸಾಲಿನ ತುದಿಯ ಮನೆ ಇರಲಿಲ್ಲ. ಹಳದಿ ಯಂತ್ರ ಮುಂದಿನ ಮನೆಯ ಕಡೆ ತಿರುಗುತ್ತಿತ್ತು. ತುದಿಯದು ಕುಳ್ಳಿಯ ಮನೆ. ಅವಳು ತಗಡಿನ ರಾಶಿಗೆ ಬಿದ್ದು ಬರಿಗೈಯಲ್ಲಿ ಎತ್ತಿ ಎತ್ತಿ ಎಸೆದಳು. ಬೀಗ ಹಾಕಿದ ಹಾಗೇ ಇದ್ದ ಬಾಗಿಲು ಚಪ್ಪಟೆಯಾಗಿ ಮಲಗಿತ್ತು. ಅದನ್ನು ನಾಲ್ಕಾರು ಜನ ಸೇರಿ ಎತ್ತಿದರು. ಕೆಳಗೆ ಅವಳ ಅಪ್ಪ ಇದ್ದ. ಕೂಗಲು ಅವನಿಗೆ ಮಾತೂ ಇರಲಿಲ್ಲ. ಕಣ್ಣು ತೆರೆದೇ ಇತ್ತು. ಕುಳ್ಳಿ ಅಳಲಿಲ್ಲ. ಸೆರಗಿನಿಂದ ಅವನ ಮುಖದ ಮಣ್ಣು ಒರೆಸಿದಳು, ಒರೆಸುತ್ತಲೇ ಇದ್ದಳು.

ನೀಲಿ ತನ್ನ ಬಾಗಿಲ ಬೀಗವನ್ನು ಕಲ್ಲಿನಿಂದ ಜಜ್ಜಿದಳು. ಒಡೆದ ಬೆರಳುಗಳಿಂದ ರಕ್ತ ಬಂತು. ಬೀಗ ಬಿಚ್ಚಿತು. ಅತ್ತೆ ಗೋಡೆಗೆ ಒರಗಿ ಗಂಟಲು ಹರಿಯುವ ಹಾಗೆ ಕೂಗಿ ಕೂಗಿ ಸುಸ್ತಾಗಿದ್ದಳು. ನೀಲಿ ಅವಳನ್ನು ಬೆನ್ನ ಮೇಲೆ ಹೊತ್ತು ಹೊರಗೆ ತಂದಳು. ಯಂತ್ರದ ಬಾಯಿಯ ಮುಂದೆ, ಕುಳ್ಳಿಯ ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂರಿಸಿ ತಾನೂ ಕೂತಳು. ಹೆಂಗಸರು ಒಬ್ಬೊಬ್ಬರಾಗಿ ಬೀಗ ಒಡೆದರು. ಒಳಗಿದ್ದವರನ್ನು ಹೊತ್ತು ತಂದು ಅಲ್ಲೇ ಕೂರಿಸಿದರು.

ಯಂತ್ರದ ಮಗ್ಗುಲಲ್ಲಿ ಬಿಳಿಷರ್ಟು ನಿಂತಿದ್ದ. ಹೊರಗೆ ಬರುತ್ತಿರುವ ಮುದುಕರನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಇಲ್ಲಿ ಯಾರೂ ಇಲ್ಲ ಅಂತ ವರದಿ ಇದೆ," ಎಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ.

ಅತ್ತೆ ಕುಳ್ಳಿಯ ಅಪ್ಪನ ತಣ್ಣಗಿನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಯಾರೂ ಇಲ್ಲ ಅಂದ್ರೆ ನಾವೆಲ್ಲ ದೆವ್ವಗಳೇನೋ? ನೀನು ದೆವ್ವ ಮಾಡಿದ್ದು ಇವನೊಬ್ಬನ್ನ," ಎಂದಳು. "ನಾನಿನ್ನೂ ಆಗಿಲ್ಲ ಕಣೋ. ನೋಡಿ ಬರ್ಕೋ."

"ದಾರಿ ಬಿಡಿ. ಇಲ್ಲ ಅಂದ್ರೆ ಪೊಲೀಸರನ್ನ ಕರೆಸಬೇಕಾಗುತ್ತೆ."

"ಕರೆಸಿ," ಎಂದಳು ನೀಲಿ. "ಹೆಣ ತೋರಿಸ್ತೀವಿ."

ಅವನು ಯಂತ್ರದವನ ಕಡೆ ತಿರುಗಿ ಸನ್ನೆಗೆಂದು ಒಂದು ಕೈ ಮೇಲಕ್ಕೆತ್ತಿದ. ಯಾರೂ ಏಳಲಿಲ್ಲ. ಎಂಜಿನ್ ಗುಡುಗುತ್ತಲೇ ಇತ್ತು, ಕೂತವರ ಕೆಳಗೆ ನೆಲ ಅದುರುತ್ತಿತ್ತು. ಯಂತ್ರ ಓಡಿಸುವವನು ನೆಲದ ಮೇಲೆ ಕೂತವರನ್ನು ನೋಡುತ್ತಿರಲಿಲ್ಲ. ಬಿಳಿಷರ್ಟಿನ ಆ ಕೈಯನ್ನೇ ನೋಡುತ್ತಿದ್ದ.